ಕೆಳಗಿನ ಕಿವಿ

ನನ್ನ ನೆಲಮಾಳಿಗೆಗೆ ಎರಡು ವರ್ಷಕ್ಕೊಮ್ಮೆ ಹೊಸ ಡಾಕ್ಟರು.
ಕ್ಲಿನಿಕ್ಕಿನವರೇ ಕಳಿಸುತ್ತಾರೆ, ಬಾಡಿಗೆಯೂ ಅವರದೇ.
ಇಲ್ಲಿ ಕಲಿತು, ಕಾಗದ ಕೈಗೆ ಬಂದ ಮೇಲೆ ಹೊರಡುತ್ತಾರೆ
ಕಡಲಿರುವ ಕಡೆಗೆ, ಇಲ್ಲವೇ
ತಮ್ಮ ಕಡೆಯ ಮಸಾಲೆ ಮಾರುವ ಒಂದಾದರೂ ಅಂಗಡಿ ಇರುವ ಕಡೆಗೆ.
ತಪ್ಪು ಎನ್ನಲಾರೆ.
ಸಸ್ಕಾಚೆವಾನಿನ ಈ ವೆಲ್‌ಬರ್ನಿನಲ್ಲಿ ಸಾವಿರದ ಒಂಬೈನೂರು ಜನ,
ಒಂದು ಸಿಗ್ನಲ್ಲು, ಅದೂ ಹಳದಿ ಮಿಣುಕುವುದಷ್ಟೇ.

ಮೊದಲು ಬಂದವನು ಪೆರುವಿನ ಹುವೆನಾಲ್.
ಅಲ್ಲಿ ಎದೆ ತೆರೆದು ಹೃದಯ ಹೊಲಿಯುತ್ತಿದ್ದನಂತೆ;
ಇಲ್ಲಿ ಮೊದಲ ವಾರ ಅವನ ಪಾಲಿಗೆ ಬಂದದ್ದು
ಟ್ರ್ಯಾಕ್ಟರ್ ಬಾಗಿಲಿಗೆ ಸಿಕ್ಕಿ ಜಜ್ಜಿದ ಒಂದು ಹೆಬ್ಬೆರಳು.
ಆ ಉಗುರನ್ನು ಎಷ್ಟು ಮರ್ಯಾದೆಯಿಂದ ಬಿಡಿಸಿದನೆಂದರೆ
ಮೆಟ್ರೋ ಕೊವಾಲ್ಚುಕ್ ಇವತ್ತಿಗೂ ಬೆರಳೆತ್ತಿ ತೋರಿಸುತ್ತಾನೆ
ಕಾಫಿ ಅಂಗಡಿಯಲ್ಲಿ, ಕೇಳದವರಿಗೂ.

ಆಮೇಲೆ ಟೆಹರಾನಿನ ಗಂಡ ಹೆಂಡತಿ.
ಅವಳಿಗೆ ಸೀಟು ಸಿಕ್ಕಿತು. ಅವನು
ದಿನಸಿ ಅಂಗಡಿಯಲ್ಲಿ ಮಾಂಸ ಕತ್ತರಿಸಿದ, ಎರಡು ವರ್ಷ, ನೇರ ಗೆರೆಯಲ್ಲಿ.
ಅವನೂ ಡಾಕ್ಟರೇ. ಆ ಮಾತು ಯಾರೂ ಎತ್ತಲಿಲ್ಲ.

ಈಗಿರುವವಳು ಓಮ್‌ಡುರ್ಮಾನಿನ ಇಖ್ಲಾಸ್.
ಒಂಬತ್ತು ವರ್ಷ ಹೆರಿಗೆ ಮಾಡಿಸಿದ ಕೈ.
ಎಷ್ಟು ಮಕ್ಕಳು ಎಂದು ಕೇಳಿದರೆ, ಲೆಕ್ಕದ ಪುಸ್ತಕ
ಆಸ್ಪತ್ರೆಯ ಜೊತೆಗೇ ಸುಟ್ಟಿತು ಎನ್ನುತ್ತಾಳೆ.
ಊರಿನ ಬಾಯಿಗೆ ಅವಳ ಹೆಸರು ಒಗ್ಗದೆ 'ಡಾಕ್ಟರ್ ಐ' ಆಯಿತು.
ನಾನು ಕಲಿತೆ, ನಡುವಿನ ಆ ಸದ್ದು,
ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ ಹಾಗೆ.
ನನ್ನ ಅಜ್ಜಿಯ ಉಕ್ರೇನಿಯನ್ನಿನಲ್ಲೂ ಅದಿತ್ತು,
ಐವತ್ತು ವರ್ಷ ಬಳಸದೆ ಬಿಟ್ಟಿದ್ದೆ.

ರಾತ್ರಿ ಅವಳ ಅಭ್ಯಾಸ
ಬಿಸಿಗಾಳಿಯ ಕೊಳವೆ ಹಿಡಿದು ಮೇಲೆ ಬರುತ್ತದೆ:
"ಮನೆಯಲ್ಲಿ ಯಾರಿದ್ದಾರೆ? ನಿದ್ದೆ ಹೇಗೆ?"
ಮತ್ತೆ, ಇನ್ನಷ್ಟು ಮೆತ್ತಗೆ: "ನಿದ್ದೆ ಹೇಗೆ?"
ಪರೀಕ್ಷೆಯಲ್ಲಿ ಆ ಮೆತ್ತಗಿಗೂ ಅಂಕವಂತೆ.
ನಾನು ಮೇಲೆ ಚಹಾ ಹಿಡಿದು
ಉತ್ತರಿಸದೆ ಕೂತಿರುತ್ತಿದ್ದೆ.

ಅವಳಿಗೆ ಬಗೆಹರಿಯದ್ದು ಒಂದೇ: "ಪರವಾಗಿಲ್ಲ."
ಕಾಲು ಮುರಿದರೆ ಪರವಾಗಿಲ್ಲ, ಕೆಮ್ಮಿದರೆ ರಕ್ತ, ಪರವಾಗಿಲ್ಲ,
ಹೆಂಡತಿಯನ್ನು ಹೂಳಿದ ವಾರ, ಪರವಾಗಿಲ್ಲ.
ನಾನು ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ತೂಕ ಬರೆದವಳು.
ಹೇಳಿಕೊಟ್ಟೆ:
ಲಾರಿ ಬಂದಾಗ ಒಮ್ಮೆ ತೂಗು, ಸುರಿದು ಹೋಗುವಾಗ ಒಮ್ಮೆ;
ಕಳೆದು ಉಳಿದದ್ದು ಗೋಧಿ.
ಡ್ರೈವರ್ ಬಾಯಿ ಹೇಳಿದ್ದನ್ನು ಯಾವತ್ತೂ ಬರೆಯಬೇಡ.
ನಕ್ಕಳು. ಬರೆದುಕೊಂಡಳು.

ಫೆಬ್ರವರಿ, ಸೊನ್ನೆಯ ಕೆಳಗೆ ಮೂವತ್ತೆಂಟು.
ಆಸ್ಪತ್ರೆಯಿಂದ ಬಂದವಳು ತನ್ನ ಬಾಗಿಲಿಗೆ ಹೋಗದೆ
ಮೆಟ್ಟಿಲು ಹತ್ತಿದಳು, ಕೋಟು ಕಳಚಲಿಲ್ಲ:
"ಎಷ್ಟು ದಿನದಿಂದ ಕುರ್ಚಿಯಲ್ಲೇ ಮಲಗುತ್ತಿದ್ದೀರಿ?"
ಪರವಾಗಿಲ್ಲ, ಎಂದೆ.
"ಒಂಬತ್ತು ದಿನ. ಮಂಚ ಕಿರುಗುಟ್ಟಿಲ್ಲ.
ರಾತ್ರಿಗೆ ನಾಲ್ಕು ಸಲ ಏಳುತ್ತೀರಿ. ನಲ್ಲಿಗೆ ಹೋಗುವಾಗ
ನಡುವೆ ಒಮ್ಮೆ ನಿಲ್ಲುತ್ತೀರಿ, ಮೊದಲು ನಿಲ್ಲುತ್ತಿರಲಿಲ್ಲ."
ಮಂಡಿಯೂರಿ ನನ್ನ ಕಣಕಾಲಿಗೆ ಹೆಬ್ಬೆರಳೊತ್ತಿದಳು.
ನಾದಿದ ಹಿಟ್ಟಿನಲ್ಲಿ ಉಳಿಯುವ ಹಾಗೆ
ಗುಳಿ ಉಳಿಯಿತು.
ಅದು ತುಂಬುವುದನ್ನು ಇಬ್ಬರೂ ನೋಡುತ್ತ ಕೂತೆವು.
ಅಲ್ಲಿಯವರೆಗೆ ನನ್ನ ಎಣಿಕೆ ಏನೆಂದರೆ
ಈ ಮನೆಯಲ್ಲಿ ಕದ್ದು ಕೇಳುವವಳು ನಾನೊಬ್ಬಳೇ.

ಈಗ ದಿನಾ ಬೆಳಗ್ಗೆ ತೂಕ ನೋಡಿ ಬರೆಯಬೇಕು,
ಮೈಯಲ್ಲಿ ನೀರು ನಿಂತರೆ ಮುಳ್ಳು ಮೊದಲು ಹೇಳುತ್ತದಂತೆ.
ಹಳೆಯ ಗೋಧಿ ಚೀಟಿಗಳ ಬೆನ್ನಿಗೆ ಬರೆದು
ಅವಳ ಬಾಗಿಲಡಿ ತಳ್ಳುತ್ತೇನೆ.
ಜೂನಿನಲ್ಲಿ ಅವಳ ಕಾಗದ ಬರುತ್ತದೆ. ಎಲ್ಲಿಗೆ, ನಾನು ಕೇಳಿಲ್ಲ.
ನಿನ್ನೆ ಅರ್ಧ ಕಿಲೋ ಕಮ್ಮಿ ಬರೆದೆ, ಬೇಕೆಂದೇ.
ಮೇಲೆ ಬಂದು ಇನ್ನೂ ಕೂತಿರಲಿಲ್ಲ,
ಕಾಲಡಿಯ ನೆಲಕ್ಕೆ ಪೊರಕೆಯ ಹಿಡಿ
ಎರಡು ಸಲ ತಟ್ಟಿತು.