ಹನ್ನೊಂದನೆಯ ಮೊಟ್ಟೆ

ಸೆಗೆದ್ ಊರು, ಮಾರ್ಚ್ ತಿಂಗಳು. ಪಿರೋಶ್ಕಾ
ಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆಯುತ್ತಾಳೆ,
ಉಗುರಿನಷ್ಟಗಲ.

ಒಳಗೆ ನೆತ್ತರ ಎಳೆಗಳು. ಸಾಸಿವೆಯಷ್ಟು ಗೆಡ್ಡೆ
ಕೂತಲ್ಲಿಂದಲೇ ಕರೆದಿದೆ;
ಬಾಗಿ ಬಾಗಿ ಬರುತ್ತಿವೆ ಎಲ್ಲವೂ
ಮದುವೆ ಮನೆಗೆ ನೆಂಟರು ಬಂದಂತೆ.

ಅವಳು ಬಿಟ್ಟ ಹನಿ ಗೆಡ್ಡೆಯ ತಂಟೆಗೆ ಹೋಗುವುದಿಲ್ಲ.
ತೂಕಡಿಸುವ ಕಾವಲಿನವರ ಕಿವಿಯಲ್ಲಿ
ಏನೋ ಊದುತ್ತದೆ.

ತಿಸಾ ನದಿ ಉಕ್ಕಿದ ರಾತ್ರಿ ಅಜ್ಜಿ
ತಗಡು ಬಡಿಯುತ್ತ ಬೀದಿ ಬೀದಿ ಸುತ್ತಿದ್ದಳಂತೆ.
ಒಂದು ಚೀಲ ಮಣ್ಣೂ ಹೊತ್ತವಳಲ್ಲ.
ಬೆಳಗಾಗುವಾಗ ಒಡ್ಡು ಎದ್ದಿತ್ತು.

ನಾಲ್ಕನೆಯ ದಿನ, ಹತ್ತು ಮೊಟ್ಟೆಗಳಲ್ಲಿ
ಎಳೆಗಳು ಅರ್ಧ ದಾರಿಗೇ ನಿಂತಿವೆ.
ಹನ್ನೊಂದನೆಯದರಲ್ಲಿ
ಕೆಂಪು ಹಾಗೇ ಹರಿದಿದೆ, ಯಾರ ಮಾತೂ ಕೇಳದೆ.

ಪೆನ್ನು ಒಂದು ಗಳಿಗೆ ತಡೆಯಿತು.
ಆಮೇಲೆ ಪಿರೋಶ್ಕಾ
ಅದನ್ನೇ ಮೊದಲ ಸಾಲಿನಲ್ಲಿ ಬರೆದಳು.