ಹದಿನೈದೂ ಕಾಲು

ಬಟ್ಟೆಗೆ ಕ್ಷಮಾಗುಣವಿದೆ.
ಒಳಮಡಿಕೆಯಲ್ಲಿ ಒಂದಿಂಚು ಬಿಟ್ಟಿರುತ್ತೇನೆ,
ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ.
ಮರಕ್ಕೆ ಆ ಬುದ್ಧಿ ಇಲ್ಲ.
ಗೆರೆಯ ಮೇಲೇ ಕೊಯ್ದೆ,
ಗರಗಸ ತನ್ನ ಪಾಲು ತಿಂದುಬಿಟ್ಟಿತು,
ಬೆಂಕಿಕಡ್ಡಿಯಷ್ಟು ದಪ್ಪ.
ಮೊದಲನೇ ಹಲಗೆ ನೀರೊಲೆಗೆ ಹೋಯಿತು.

ಚೇಳೂರು ರಸ್ತೆಯ ಸಾಮಿಲ್ಲಿನಲ್ಲಿ ನಯಾಜ್
ಮಾವಿನ ತುಂಡು ತೂಗಿಕೊಟ್ಟಿದ್ದ.
ಅಡಿ ಲೆಕ್ಕ ಬೇಡಕ್ಕ, ಕೇಜಿ ಲೆಕ್ಕ ಸಾಕು.
ಎರಡು ಗಿಣ್ಣು, ಒಂದು ಹುಳದ ತೂತು ಪುಕ್ಕಟೆ.
ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ತಂದಾಗ
ಚಿಂತಾಮಣಿ ಬಸ್‌ಸ್ಟ್ಯಾಂಡು ಪೂರ್ತಿ ತಿರುಗಿ ನೋಡಿತು:
ಲಂಗ ಹೊಲಿಯೋ ಅಮ್ಮ
ತೊಟ್ಟಿಲು ಮಾಡ್ತಾಳೋ, ಚಟ್ಟ ಮಾಡ್ತಾಳೋ?

ಎಷ್ಟು ಸಿಗುತ್ತೆ ಇದರಲ್ಲಿ, ಅಂದಳು
ಫಾಲು ಹಾಕಿಸಲು ಬಂದ ಅಂಜಿನಮ್ಮ.
ಏನೂ ಇಲ್ಲ.
ಮೂವತ್ತೊಂದು ವರ್ಷದಲ್ಲಿ
ರಸೀದಿ ಪುಸ್ತಕಕ್ಕೆ ಹತ್ತದ ಒಂದೇ ಕೆಲಸ ಇದು.

ಹತಾರ ಕೊಟ್ಟವರು ಪಕ್ಕದ ಬೀದಿಯ ಬೊಮ್ಮಾಚಾರಿ.
ಉಳಿ, ಕೊಡತಿ, ಕಿವಿ ಮುರಿದ ತೋಪಡ,
ಪ್ಲೈವುಡ್ ಬಂದಾಗಿನಿಂದ ಗೋಣಿಚೀಲದಲ್ಲಿ ಮಲಗಿದ್ದವು.
ಬಾಗಿಲಲ್ಲಿ ನಿಂತು ನೋಡುತ್ತಾರೆ, ಒಳಗೆ ಬರುವುದಿಲ್ಲ.
ಎಳೆ ನೋಡಮ್ಮಾ, ಎಳೆ.
ಎದುರು ಹೋದರೆ ಎದ್ದು ಕಚ್ಚುತ್ತೆ.
ಎಳೆ ನನಗೆ ಗೊತ್ತಿಲ್ಲದ್ದೇ?
ಓರೆಗೆ ಕತ್ತರಿಸಿದ್ದು ಜೋಲುತ್ತೆ, ನೇರಕ್ಕೆ ಕತ್ತರಿಸಿದ್ದು ನಿಲ್ಲುತ್ತೆ.
ಹಲಗೆ ತಿರುಗಿಸಿ ಹಿಡಿದು ತಳ್ಳಿದೆ.
ಹೆರೆ ಸುರುಳಿ ಸುರುಳಿಯಾಗಿ ಬಂತು
ಜಾರ್ಜೆಟ್ಟಿನಷ್ಟು ತೆಳ್ಳಗೆ.
ಬಿಸಿಲಿಗೆ ಹಿಡಿದರೆ ಆಚೆ ಬೀದಿ ಕಂಡಿತು.

ಕುರ್ಚಿಗೆ ಎತ್ತರ ಎಷ್ಟು?
ಹದಿನೆಂಟು ಅಂದರು ಆಚಾರಿ, ಎಲ್ಲ ಕಡೆ ಅದೇ.
ಬರೆದುಕೊಂಡೆ. ಪೆನ್ಸಿಲ್ ಅಲ್ಲೇ ನಿಂತಿತು.

ಬ್ಯಾಂಕಿನ ಬೆಂಚು, ಛತ್ರದ ಕುರ್ಚಿ,
ಮದನಪಲ್ಲಿ ಬಸ್ಸಿನ ಸೀಟು,
ಎಲ್ಲಿ ಕೂತರೂ ನನ್ನ ಕಾಲುಗಳು ನೇತಾಡಿವೆ,
ಬೆರಳ ತುದಿಯಲ್ಲಿ ನೆಲ ತಡಕುತ್ತಾ,
ತೊಡೆಯಡಿಗೆ ಅಂಚು ಒತ್ತುತ್ತಾ.
ನಾಲ್ಕಡಿ ಒಂಬತ್ತಿಂಚಿನವಳಿಗೆ
ಕೂರುವುದು ಅಂದರೆ ಹಾಗೇ ಅಂದುಕೊಂಡಿದ್ದೆ.

ಬಾಗಿಲು ಹಾಕಿದೆ.
ಕೊರಳ ಟೇಪು ತೆಗೆದೆ.
ಅರ್ಧ ಊರಿನ ಎದೆ, ಸೊಂಟ, ತೋಳು ನನಗೆ ಬಾಯಿಪಾಠ.
ನನ್ನದು ಮಾತ್ರ ಹಳೇ ರವಿಕೆ ಇಟ್ಟು ಕತ್ತರಿಸಿದ್ದೇ ಯಾವಾಗಲೂ.
ಮಂಡಿಯ ಮಡಿಕೆಯಿಂದ ಹಿಮ್ಮಡಿಗೆ
ಹದಿನೈದೂ ಕಾಲು.
ಅಳತೆ ಪುಸ್ತಕದಲ್ಲಿ ಬರೆದೆ,
ಹೆಸರಿನ ಜಾಗದಲ್ಲಿ ಏನು ಹಾಕಬೇಕೋ ತಿಳಿಯದೆ
'ನಾನು' ಅಂತ ಹಾಕಿದೆ.

ಏಳು ಭಾನುವಾರ ಹಿಡಿಯಿತು.
ಹೆಬ್ಬೆರಳುಗುರು ನೇರಳೆಯಾಯಿತು.
ಫೆವಿಕಾಲ್ ಮೆತ್ತಿದ ಸೆರಗು ಇನ್ನೂ ಗಟ್ಟಿಯಾಗಿದೆ.
ತೂತು ದೊಡ್ಡದಾಯಿತು, ಸಂದಿಗೆ ಸೀಳು ತುರುಕಿದೆ,
ಉಪ್ಪುಕಾಗದ ತಿಕ್ಕಿ ತಿಕ್ಕಿ
ಬೆರಳ ಗೆರೆ ಸವೆದು, ಫೋನು ನನ್ನನ್ನೇ ಒಪ್ಪದಾಯಿತು.
ಇಷ್ಟೆಲ್ಲ ಆಗಿ, ನೆಟ್ಟಗೆ ನಿಲ್ಲಿಸಿದರೆ
ನಾಲ್ಕರಲ್ಲಿ ಒಂದು ಕಾಲು ಕಾಲಿಂಚು ಗಿಡ್ಡ.
ಟಕ್ ಅಂತು. ಮತ್ತೆ ಟಕ್.
ಉಳಿದ ಮೂರನ್ನ ಕೊಯ್ಯೋಕೆ ಹೋಗಬೇಡಿ,
ಸಮ ಮಾಡ್ತಾ ಮಾಡ್ತಾ ಕುರ್ಚಿ ಮಣೆಯಾಗುತ್ತೆ,
ಬಾಗಿಲಿಂದಲೇ ಅಂದರು ಆಚಾರಿ.
ಲೈನಿಂಗು ಬಟ್ಟೆಯ ಚೂರನ್ನು
ದಪ್ಪಕ್ಕೆ ಮಡಚಿ ಅಡಿಗಿಟ್ಟೆ.

ಕೂತೆ.
ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ.
ಗಾರೆ ತಣ್ಣಗಿತ್ತು.
ಹೋಗಿದ್ದ ಕರೆಂಟು ಬಂತು;
ಮೆಷಿನ್ನಿನ ಹತ್ತಿರ ಹೋಗಲಿಲ್ಲ.

ಸಂಜೆ ನಮ್ಮವರು ಬಂದು ಕೂತರು.
ಮಂಡಿ ಎರಡೂ ಎದೆಯವರೆಗೆ ಎದ್ದವು.
ಏನೇ ಇದು, ಅಂಗನವಾಡಿಗೆ ಮಾಡಿದ್ದಾ?

ನಾನು ಹಿತ್ತಲಲ್ಲಿ ಇನ್ನೊಂದು ಹಲಗೆಗೆ ಗೆರೆ ಎಳೆಯುತ್ತಿದ್ದೆ,
ಗರಗಸದ ಪಾಲು ಬಿಟ್ಟು.
ಬಾಯಲ್ಲಿ, ಗುಂಡುಸೂಜಿ ಇರುವ ಜಾಗದಲ್ಲಿ,
ನಾಲ್ಕು ಮೊಳೆ ಇದ್ದವು.
ಉತ್ತರ ಕೊಡಲಿಲ್ಲ.