ಸಂದು

ಹೋದ ವರ್ಷ ಈ ಊರಲ್ಲಿ ಹುಟ್ಟಿದ್ದು ಮೂರು,
ಸತ್ತದ್ದು ತೊಂಬತ್ತೆರಡು.
ಎರಡೂ ದಫ್ತರ ಬರೆಯುವವನು ನಾನೇ.

ಫುಮಿಯೆ ಅಜ್ಜಿಗೆ ಎಂಬತ್ತನಾಲ್ಕು.
ಮಿಯಾಗಿಯ ಕಡಲಂಚಿನ ತಗಡಿನ ಶೆಡ್ಡಿನಲ್ಲಿ
ಬೆಳಗಿನ ಜಾವ ಮೂರಕ್ಕೇ ಸಿಂಪಿ ಬಿಡಿಸಲು ಕೂರುತ್ತಾಳೆ.
ಎಡಗಡೆಯ ಮಣೆ ಐದು ವರ್ಷ ಖಾಲಿಯಿತ್ತು;
ಈಗ ಅಲ್ಲಿ ಜಾವಾದಿಂದ ಬಂದ ವುಲಾನ್.
"ಚಾಕು ತಳ್ಳಬೇಡ, ಸಂದು ಹುಡುಕು."
ಮೊದಲ ಚಳಿಗಾಲ ಪೂರ್ತಿ ಇದೊಂದೇ ಮಾತು.

ವುಲಾನಳ ಮಗಳು ತೆಗಾಲ್‌ನಲ್ಲಿ, ಏಳು ವರ್ಷ.
ಹಬ್ಬಕ್ಕೊಮ್ಮೆ ಫೋನಿನಲ್ಲಿ ಎತ್ತರ ಹೇಳುತ್ತಾರೆ.
ಅಜ್ಜಿ ಶೆಡ್ಡಿನ ಕಂಬಕ್ಕೆ ಟೇಪು ಹಿಡಿದು
ಚಾಕುವಿನ ತುದಿಯಲ್ಲಿ ಗೀರು ಹಾಕುತ್ತಾಳೆ.
ಗೀರು ಈಗ ಲೈಟಿನ ಸ್ವಿಚ್ಚು ಮುಟ್ಟಿದೆ.

ಕೈ ತರಬಹುದು, ಕೂಸು ತರುವಂತಿಲ್ಲ:
ವೀಸಾದ ಷರತ್ತು. ಓದಿ ಹೇಳಿದವನೂ ನಾನೇ.
ಮುಚ್ಚಿದ ಶಾಲೆಯ ಬೀಗದಕೈ
ನನ್ನ ಮೇಜಿನ ಖಾನೆಯಲ್ಲೇ ಇದೆ.
ಒಳಗೆ ಹದಿನೆಂಟು ಪುಟ್ಟ ಕುರ್ಚಿ,
ವರ್ಷಕ್ಕೊಮ್ಮೆ ಹೋಗಿ ಎಣಿಸಿ ಬರುತ್ತೇನೆ.

ಮೊನ್ನೆ ಅಜ್ಜಿ ಕೌಂಟರಿಗೆ ಬಂದಳು, ರಬ್ಬರ್ ಬೂಟಿನಲ್ಲೇ,
ನೆಲದ ತುಂಬ ಉಪ್ಪುನೀರು.
"ಆ ಕಾನೂನಿನ ಪುಸ್ತಕ ತೆಗಿ."
"ಎಲ್ಲ ನೋಡಿದ್ದೇನೆ ಅಜ್ಜಿ, ಏನೂ ಇಲ್ಲ."
"ನೀನು ತಳ್ಳಿ ನೋಡಿದ್ದೀ."

ದೀಪ ಆರಿಸುವ ಹೊತ್ತು ಮೀರಿತು.
ನಾನಿನ್ನೂ ಪುಟ ತಿರುವುತ್ತಲೇ ಇದ್ದೆ,
ಒಂದೊಂದು ಉಪಕಲಮು, ಅದರ ಕೆಳಗಿನ ಟಿಪ್ಪಣಿ.
ಅವಳು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು.
ಬೆರಳು ಮಾತ್ರ ಮಡಿಲಲ್ಲಿ
ಏನನ್ನೋ ಬಿಡಿಸುತ್ತಿದ್ದವು.